ಕಾರ್ಡ್ ಕತ್ತರಿಸಿ ಬಿಸಾಕ್ಬೇಕಾ, ಇಟ್ಕೊಂಡು ನೆಮ್ಮದಿಯಾಗಿ ಬಳಸೋಕೆ ಆಗುತ್ತಾ?

ಪ್ರಶ್ನೆ: ನಾನು, ನನ್ನ ಗಂಡ ಇಬ್ರೂ ಕೆಲಸಕ್ಕೆ ಹೋಗ್ತೀವಿ. ನನ್ನ ಹತ್ರ ಎರಡು ಕ್ರೆಡಿಟ್ ಕಾರ್ಡ್ ಇವೆ. ಒಂದಕ್ಕೆ ಒಂದೂವರೆ ವರ್ಷದಿಂದ ಬಿಲ್ಲಲ್ಲಿ ಕನಿಷ್ಠ ಇಷ್ಟು ಕಟ್ಟಿ ಅಂತ ತೋರಿಸೋ ಮಿನಿಮಮ್ ಮೊತ್ತ ಮಾತ್ರ ಕಟ್ತಿದೀನಿ, ಇನ್ನೊಂದಕ್ಕೆ ಕೈಲಾದಷ್ಟು. ಒಂದು ತಿಂಗಳೂ ತಪ್ಪಿಸಿಲ್ಲ, ಆದ್ರೂ ಬಾಕಿ ಇಳೀತಾನೇ ಇಲ್ಲ. ಬಿಲ್ ಬಂದ್ರೆ ತೆಗೆದು ನೋಡೋಕೆ ಭಯ. ಗಂಡನಿಗೆ ಪೂರ್ತಿ ಮೊತ್ತ ಗೊತ್ತಿಲ್ಲ. ಒಬ್ಬ ಫ್ರೆಂಡ್ ಎರಡೂ ಕತ್ತರಿಸಿ ಬಿಸಾಕು ಅಂತಾಳೆ, ಆಫೀಸಲ್ಲೊಬ್ಬರು ಖರ್ಚಿಗೆ ರಿವಾರ್ಡ್ ಪಾಯಿಂಟ್ಸ್ ಬರುತ್ತೆ, ಕ್ರೆಡಿಟ್ ಸ್ಕೋರ್ ಚೆನ್ನಾಗಿರುತ್ತೆ, ಬಿಡ್ಬೇಡ ಅಂತಾರೆ. ಏನ್ ಮಾಡ್ಲಿ?

ಉತ್ತರ: ಒಂದು ತಿಂಗಳೂ ತಪ್ಪದೆ ಕಟ್ಟಿದೀರಿ ಅನ್ನೋದನ್ನ ನಾನು ಮೊದಲು ಗಮನಿಸಿದ್ದು. ಒಂದೂವರೆ ವರ್ಷ ಹೀಗೆ ಕಟ್ಕೊಂಡು ಬಂದಿರೋರಿಗೆ ಶಿಸ್ತಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ, ನೀವೂ ಹಾಗೆ ಅಂದ್ಕೋಬೇಡಿ. ಬಾಕಿ ಇಳೀದೇ ಇರೋದಕ್ಕೆ ಕಾರಣ ಮಿನಿಮಮ್ ಅನ್ನೋ ಆ ಮೊತ್ತದ ಲೆಕ್ಕದಲ್ಲೇ ಇದೆ, ಅದನ್ನ ಬಿಡಿಸಿ ಹೇಳ್ತೀನಿ. ಕತ್ತರಿ ವಿಷಯ ಆಮೇಲೆ ನೋಡೋಣ.

ನಿಮ್ಮ ಫ್ರೆಂಡೂ ಆಫೀಸಿನವರೂ ಇಬ್ರೂ ಕಾರ್ಡ್ ಅನ್ನೋದನ್ನ ಒಂದೇ ವಸ್ತು ಅಂದ್ಕೊಂಡಿದಾರೆ. ನಿಜದಲ್ಲಿ ಅದರೊಳಗೆ ಎರಡು ಬೇರೆ ಬೇರೆ ವಸ್ತು ಇವೆ, ಒಂದು ದುಡ್ಡು ಕೊಡೋ ಸಾಧನ, ಇನ್ನೊಂದು ಸಾಲ. 1950ರಲ್ಲಿ ನ್ಯೂಯಾರ್ಕಲ್ಲಿ ಡೈನರ್ಸ್ ಕ್ಲಬ್ ಶುರುವಾದಾಗ ಅದು ಬರೀ ಮೊದಲನೇದು, ತಿಂಗಳ ಕೊನೇಲಿ ಬಿಲ್ ಬಂದ್ರೆ ಪೂರ್ತಿ ಕಟ್ಟಬೇಕಿತ್ತು, ಸ್ವಲ್ಪ ಕಟ್ಟಿ ಉಳಿದಿದ್ದನ್ನ ಮುಂದಕ್ಕೆ ತಳ್ಳೋ ಮಾತೇ ಇರ್ಲಿಲ್ಲ. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಊರಲ್ಲಿ ಸುಮಾರು 60,000 ಜನಕ್ಕೆ ಅವರು ಕೇಳದೇನೇ ಅಂಚೇಲಿ ಕಾರ್ಡ್ ಕಳಿಸ್ತು, ಅದರಲ್ಲಿ ಬಾಕಿ ಉಳಿಸ್ಕೊಂಡು ಬಡ್ಡಿ ಕಟ್ಕೊಂಡು ಹೋಗೋ ಸೌಕರ್ಯಾನೂ ಇತ್ತು. ನಾವಿವತ್ತು ಕ್ರೆಡಿಟ್ ಕಾರ್ಡ್ ಅನ್ನೋದು ಇದೇ ಬಗೆಯದ್ದು. ಪೂರ್ತಿ ಬಿಲ್ ಕಟ್ಟೋರು ಮೊದಲನೇ ವಸ್ತುವನ್ನ ಮಾತ್ರ ಬಳಸ್ತಾರೆ, ಅವರಿಗೆ ಕಾರ್ಡ್ ನಿಜವಾಗ್ಲೂ ಅನುಕೂಲ. ಬಾಕಿ ಉಳಿಸ್ಕೊಳೋರು ಎರಡನೇದನ್ನ ಬಳಸ್ತಾರೆ, ಸಾಲಗಳಲ್ಲೆಲ್ಲ ದುಬಾರಿ ಸಾಲಗಳ ಗುಂಪಿಗೆ ಅದು ಸೇರಿದ್ದು. ನಿಮ್ಮ ಆಫೀಸಿನವರು ಮೊದಲನೇ ಗುಂಪಿನವರಿರಬೇಕು, ಅವರ ಸಲಹೆ ಅವರಿಗೆ ಸರಿ. ಸದ್ಯಕ್ಕೆ ನೀವು ಇರೋದು ಎರಡನೇ ಗುಂಪಲ್ಲಿ, ಹಾಗಾಗಿ ಅದು ನಿಮಗೆ ಹೊಂದಲ್ಲ.

ಈಗ ಲೆಕ್ಕ. ನಿಮ್ಮ ಬಾಕಿ ಎಷ್ಟು ಅಂತ ನೀವು ಬರ್ದಿಲ್ಲ, ಸುಲಭಕ್ಕೆ ಒಂದು ಲಕ್ಷ ಅಂತ ಇಟ್ಕೊಳೋಣ, ಬಡ್ಡಿ ತಿಂಗಳಿಗೆ 3 ಪರ್ಸೆಂಟ್, ಮಿನಿಮಮ್ ಅಂದ್ರೆ ಬಿಲ್ಲಿನ 5 ಪರ್ಸೆಂಟ್. ನಿಮ್ಮ ಕಾರ್ಡಿನ ರೇಟ್ ಸ್ವಲ್ಪ ಆಚೆ ಈಚೆ ಇರಬಹುದು, ಬಿಲ್ಲಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರ್ತಾರೆ, ಅದನ್ನ ಹುಡುಕಿ ಹಾಕ್ಕೊಳಿ. ಮೊದಲ ತಿಂಗಳು ಬಡ್ಡಿ ಸೇರಿ 1,03,000 ಆಗುತ್ತೆ, ನೀವು 5,150 ಕಟ್ತೀರಿ. ಅದರಲ್ಲಿ 3,000 ಬಡ್ಡಿಗೇ ಹೋಯ್ತು, ಅಸಲು ಇಳಿದಿದ್ದು ಬರೀ 2,150. ಮುಂದಿನ ತಿಂಗಳು ಬಾಕಿ ಒಂಚೂರು ಕಮ್ಮಿ ಆಗಿರುತ್ತಲ್ಲ, ಮಿನಿಮಮ್ಮೂ ಒಂಚೂರು ಕಮ್ಮಿ ಆಗುತ್ತೆ, ಸುಮಾರು 5,040. ಬಿಲ್ ಇಳೀತಿದೆ ಅಂತ ಸಮಾಧಾನ ಆಗುತ್ತೆ, ಆದ್ರೆ ಏಟು ಬೀಳೋದು ಅಲ್ಲೇ, ಬಾಕಿ ಇಳಿದ ಹಾಗೆಲ್ಲ ನೀವು ಕಟ್ಟೋದೂ ಇಳೀತಾ ಹೋಗುತ್ತೆ, ಹಾಗಾಗಿ ಸಾಲ ಎಳೀತಾನೇ ಇರುತ್ತೆ. ಹೊಸದಾಗಿ ಒಂದು ಪೈಸೆ ಖರ್ಚು ಮಾಡದೇ ಹೀಗೇ ಮಿನಿಮಮ್ ಕಟ್ಕೊಂಡು ಹೋದ್ರೆ 32 ತಿಂಗಳಾದ್ಮೇಲೆ ನೀವು ಒಟ್ಟು ಕಟ್ಟಿರೋದು ಹತ್ರ ಹತ್ರ 1,20,000, ಉಳಿದಿರೋ ಬಾಕಿ ಇನ್ನೂ 50,000!

ಈಗ ಒಂದೇ ಒಂದು ಬದಲಾವಣೆ ಮಾಡಿ ನೋಡಿ. ಆ ಮೊದಲ ತಿಂಗಳು ಕಟ್ಟಿದ 5,150 ಇದೆಯಲ್ಲ, ಬಿಲ್ಲಲ್ಲಿ ಮಿನಿಮಮ್ ಎಷ್ಟೇ ಇಳಿದು ತೋರಿಸ್ಲಿ, ನೀವು ಪ್ರತಿ ತಿಂಗಳೂ ಅದೇ 5,150 ಕಟ್ಟಿ. 30ನೇ ತಿಂಗಳಿಗೆ ಸಾಲ ಪೂರ್ತಿ ಮುಗಿಯುತ್ತೆ. ಜಾಸ್ತಿ ಕಟ್ಟಿ ಅಂತ ನಾನು ಹೇಳ್ತಿಲ್ಲ, ಇವತ್ತು ಕಟ್ತಿರೋದನ್ನೇ ಕಟ್ಟಿ, ಇಳಿಸ್ಬೇಡಿ ಅಷ್ಟೇ. ಅದನ್ನ 8,000 ಮಾಡೋಕಾದ್ರೆ 16 ತಿಂಗಳು ಸಾಕು, ಬಡ್ಡಿ ಸುಮಾರು 52,000 ಹೋಗೋ ಕಡೆ 27,000ಕ್ಕೆ ಮುಗಿಯುತ್ತೆ. ಇಷ್ಟು ಉದ್ದ ಓದೋಕೆ ಪುರುಸೊತ್ತಿಲ್ಲದವರಿಗೆ ನಾನು ಹೇಳೋ ಒಂದೇ ಮಾತು ಇದು, ಮೊತ್ತ ಫಿಕ್ಸ್ ಮಾಡಿ, ಸಂಬಳ ಬಂದ ಮಾರನೇ ದಿನಕ್ಕೆ ಆಟೋ ಪೇಮೆಂಟ್ ಹಾಕಿ.

ಮಿನಿಮಮ್ ಅನ್ನೋ ಆ ಸಂಖ್ಯೆ ನಮ್ಮ ತಲೆ ಮೇಲೆ ಮಾಡೋ ಕೆಲಸ ಇನ್ನೊಂದಿದೆ. 2009ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ನೀಲ್ ಸ್ಟೀವರ್ಟ್ ಒಂದು ಪ್ರಯೋಗ ಪ್ರಕಟಿಸಿದ್ರು, ಜನಕ್ಕೆ ಒಂದೇ ಕಾರ್ಡ್ ಬಿಲ್ ಕೊಟ್ಟು, ಕೆಲವರಿಗೆ ಮಿನಿಮಮ್ ಮೊತ್ತ ಬರೆದದ್ದು, ಕೆಲವರಿಗೆ ಅದಿಲ್ಲದ್ದು, ಎಷ್ಟು ಕಟ್ತೀರಿ ಅಂತ ಕೇಳಿದ್ರು. ಪೂರ್ತಿ ಕಟ್ಟದವರ ಪೈಕಿ ಮಿನಿಮಮ್ ನೋಡಿದವರು ಅದನ್ನ ನೋಡದವರಿಗಿಂತ ತುಂಬ ಕಮ್ಮಿ ಕಟ್ತೀವಿ ಅಂದ್ರು. ಅಂದ್ರೆ ಆ ಸಂಖ್ಯೆ ಕಣ್ಣಿಗೆ ಬಿದ್ರೆ ಸಾಕು, ನಮ್ಮ ಕೈ ಅದರ ಕಡೆಗೆ ವಾಲುತ್ತೆ. ನಿಮಗೆ ತಿಂಗಳಿಗೆ ಇನ್ನೂ ಸ್ವಲ್ಪ ಜಾಸ್ತಿ ಕಟ್ಟೋ ಶಕ್ತಿ ಇದ್ದಿದ್ರೂ ಇರಬಹುದು, ಬಿಲ್ಲು ಅಷ್ಟು ಸಾಕು ಅಂದಿದ್ದಕ್ಕೆ ಅಷ್ಟೇ ಕಟ್ಟಿರಬಹುದು. ಮಿನಿಮಮ್ ಅನ್ನೋದು ಲೇಟ್ ಫೀ ತಪ್ಪಿಸೋ ಮೊತ್ತ, ಸಾಲ ತೀರಿಸೋ ಮೊತ್ತ ಬೇರೇನೇ ಇದೆ, ಅದನ್ನ ನೀವೇ ಲೆಕ್ಕ ಹಾಕಿ ಇಟ್ಕೋಬೇಕು.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿರಲ್ಲ. ಬಿಲ್ ಆದ್ಮೇಲೆ ಕಟ್ಟೋಕೆ ಬಡ್ಡಿಯಿಲ್ಲದ ದಿನ ಅಂತ ಕೊಡ್ತಾರಲ್ಲ, ಅದು ಹಿಂದಿನ ಬಾಕಿ ಪೂರ್ತಿ ಕಟ್ಟಿದವರಿಗೆ ಮಾತ್ರ. ಸ್ವಲ್ಪ ಉಳಿಸ್ಕೊಂಡ್ರೂ ಸಾಮಾನ್ಯವಾಗಿ ಆ ಸೌಕರ್ಯ ಹೋಗುತ್ತೆ, ಆಮೇಲೆ ಆ ಕಾರ್ಡಲ್ಲಿ ಏನೇ ಹೊಸದಾಗಿ ಕೊಂಡ್ರೂ ಕೊಂಡ ದಿನದಿಂದಲೇ ಬಡ್ಡಿ ಶುರು. ಇವತ್ತು ನೀವು ಆ ಕಾರ್ಡಲ್ಲಿ ಸಣ್ಣ ಸಾಮಾನು ತಗೊಂಡ್ರೂ ಅದು ಸಾಲ ಮಾಡಿ ತಗೊಂಡಿದ್ದೇ. ಕಾರ್ಡಿಂದ ಎಟಿಎಮ್‌ನಲ್ಲಿ ಕ್ಯಾಶ್ ತೆಗೆದ್ರಂತೂ ಪೂರ್ತಿ ಕಟ್ಟೋರಿಗೂ ಅದೇ ದಿನದಿಂದ ಬಡ್ಡಿ, ಮೇಲೊಂದು ಫೀಸು, ಅದನ್ನ ಯಾವತ್ತೂ ಮಾಡ್ಬೇಡಿ. ಹಾಗಾಗಿ ಬಾಕಿ ಇರೋ ಕಾರ್ಡಲ್ಲಿ ಹೊಸ ಖರ್ಚು ನಿಲ್ಲಲೇಬೇಕು, ನಿಮ್ಮದು ಎರಡರಲ್ಲೂ ಬಾಕಿ ಇದೆ, ಅಂದ್ರೆ ಎರಡೂ ನಿಲ್ಲಬೇಕು.

ಇದು ಹೇಳೋಕೆ ಸುಲಭ, ಮಾಡೋಕೆ ಹೋದವರು ಎರಡನೇ ವಾರಕ್ಕೇ ಸೋಲ್ತಾರೆ, ಯಾಕೆ ಅಂತ ಹೇಳ್ತೀನಿ, ಇದನ್ನ ಯಾರೂ ಬಿಡಿಸಿ ಹೇಳಲ್ಲ. ಕಾರ್ಡಲ್ಲಿ ಬದುಕೋ ಮನೆ ಒಂದು ತಿಂಗಳು ಹಿಂದೆ ಬದುಕ್ತಿರುತ್ತೆ, ಈ ತಿಂಗಳ ಸಂಬಳ ಹೋಗೋದು ಕಳೆದ ತಿಂಗಳ ಖರ್ಚಿಗೆ, ಈ ತಿಂಗಳ ಖರ್ಚು ಕಾರ್ಡ್ ಮೇಲೆ. ಕಾರ್ಡ್ ಇದ್ದಕ್ಕಿದ್ದಂಗೆ ನಿಲ್ಲಿಸಿದ್ರೆ ಒಂದೇ ಸಂಬಳದಲ್ಲಿ ಕಳೆದ ತಿಂಗಳದ್ದೂ ಕಟ್ಟಬೇಕು, ಈ ತಿಂಗಳದ್ದೂ ನಡೀಬೇಕು, ಅದು ಆಗೋ ಮಾತಲ್ಲ, ಇಪ್ಪತ್ತನೇ ತಾರೀಖಿಗೆ ಮತ್ತೆ ಕಾರ್ಡ್ ತೆಗೀತೀವಿ, ನನ್ನ ಕೈಲಿ ಆಗಲ್ಲ ಅಂತ ನಮ್ಮನ್ನ ನಾವೇ ಬೈಕೊಳ್ತೀವಿ. ಇಲ್ಲಿ ಮನಸ್ಸಿನ ಗಟ್ಟಿತನದ ಪ್ರಶ್ನೆ ಇಲ್ಲ, ಒಂದು ತಿಂಗಳ ದುಡ್ಡಿನ ಗ್ಯಾಪ್ ಇದೆ. ಎಲ್ಲೋ ಒಂದು ಬೋನಸ್ಸೋ ಉಳಿತಾಯದ ಸ್ವಲ್ಪ ಭಾಗವೋ ಇದ್ರೆ ಅದನ್ನ ಸಾಲಕ್ಕೆ ಸುರಿಯೋ ಮೊದಲು ಈ ಗ್ಯಾಪ್ ತುಂಬೋಕೆ ಬಳಸಿ. ಅದಿಲ್ಲ ಅಂದ್ರೆ ಒಂದೊಂದೇ ಬಗೆಯ ಖರ್ಚನ್ನ ಕಾರ್ಡಿಂದ ಇಳಿಸಿ, ಈ ತಿಂಗಳು ಆನ್‌ಲೈನ್ ಶಾಪಿಂಗೂ ಹೊರಗಿನ ಊಟವೂ, ಮುಂದಿನ ತಿಂಗಳು ಓಡಾಟದ ಖರ್ಚು, ಆಮೇಲೆ ದಿನಸಿ. ಮೂರ್ನಾಲ್ಕು ತಿಂಗಳು ಹಿಡೀಲಿ ಪರವಾಗಿಲ್ಲ. ನಿಧಾನಕ್ಕೆ ಇಳಿದವರು ಮತ್ತೆ ಹತ್ತೋದು ಕಮ್ಮಿ, ನಾನು ಕಂಡ ಹಾಗೆ.

ಜೊತೆಗೆ ಸ್ವಲ್ಪ ಕೈಗಾವಲು ದುಡ್ಡು ಬೇಕೇ ಬೇಕು. ಬಡ್ಡಿ ಇಷ್ಟಿರೋವಾಗ ದುಡ್ಡು ಸುಮ್ನೆ ಖಾತೇಲಿ ಇಡೋದು ಲೆಕ್ಕದ ಪ್ರಕಾರ ನಷ್ಟ, ನಿಜ, ಆದ್ರೆ ಮನೇಲಿ ಯಾರಿಗೋ ಹುಷಾರಿಲ್ಲ ಅಂದಾಗ, ಗಾಡಿ ಕೆಟ್ಟಾಗ ಕೈಲಿ ಏನೂ ಇಲ್ಲ ಅಂದ್ರೆ ಮತ್ತೆ ಕಾರ್ಡೇ ಗತಿ. ಹದಿನೈದು ದಿನದ ಖರ್ಚಿನಷ್ಟಾದ್ರೂ ಬೇರೆ ಖಾತೇಲಿ ಇಡಿ, ಉಳಿದಿದ್ದೆಲ್ಲ ಸಾಲಕ್ಕೆ.

ಎರಡು ಕಾರ್ಡಲ್ಲಿ ಯಾವುದನ್ನ ಮೊದಲು ತೀರಿಸ್ಬೇಕು? ಲೆಕ್ಕ ಹೇಳೋದು ಜಾಸ್ತಿ ಬಡ್ಡಿ ಇರೋದನ್ನ. ಎರಡರ ಬಡ್ಡಿಯೂ ಹತ್ತಿರ ಹತ್ತಿರ ಇದ್ರೆ ಚಿಕ್ಕ ಬಾಕಿ ಇರೋದನ್ನ ಮೊದಲು ಮುಗಿಸಿ, ಒಂದು ಪೂರ್ತಿ ಸೊನ್ನೆ ಆದಾಗ ಬರೋ ಧೈರ್ಯಕ್ಕೆ ತುಂಬ ಬೆಲೆ ಇದೆ. ಅಲ್ಲಿತನಕ ಇನ್ನೊಂದಕ್ಕೆ ಮಿನಿಮಮ್ ತಪ್ಪಿಸ್ಬೇಡಿ, ಒಂದು ಮುಗಿದ ದಿನ ಅದರ ಪೂರ್ತಿ ಮೊತ್ತ ಇನ್ನೊಂದಕ್ಕೆ ಹೋಗ್ಲಿ. ಪರ್ಸನಲ್ ಲೋನ್ ತಗೊಂಡು ಎರಡೂ ಕಾರ್ಡ್ ಒಟ್ಟಿಗೆ ತೀರಿಸೋದು, ಅಥವಾ ಕಮ್ಮಿ ಬಡ್ಡಿಯ ಕಾರ್ಡಿಗೆ ಬಾಕಿ ವರ್ಗಾಯಿಸೋದು ಒಳ್ಳೇ ದಾರೀನೇ, ತಿಂಗಳಿಗೆ 3 ಪರ್ಸೆಂಟ್ ಅಂದ್ರೆ ಚಕ್ರಬಡ್ಡಿ ಸೇರಿ ವರ್ಷಕ್ಕೆ 42 ಪರ್ಸೆಂಟಿಗೂ ಮೇಲೆ, ಅದಕ್ಕಿಂತ ಕಮ್ಮಿ ರೇಟಿಗೆ ಸಾಲ ಸಿಗೋದು ಕಷ್ಟ ಏನಲ್ಲ. ಆದ್ರೆ ಒಂದು ಷರತ್ತು, ಕಾರ್ಡ್ ಬಳಕೆ ನಿಂತಿರೋದು ಎರಡು ತಿಂಗಳಾದ್ರೂ ಆಗಿರ್ಬೇಕು. ಲೋನ್ ಬಂದು ಕಾರ್ಡ್ ಖಾಲಿ ಆದಾಗ ಲಿಮಿಟ್ ಪೂರ್ತಿ ಮತ್ತೆ ಕಾಣುತ್ತೆ, ಅಭ್ಯಾಸ ಹಾಗೇ ಇದ್ರೆ ವರ್ಷದೊಳಗೆ ಲೋನೂ ಇರುತ್ತೆ, ಕಾರ್ಡೂ ತುಂಬಿರುತ್ತೆ, ಇದೇ ಅತಿ ಕೆಟ್ಟ ಸ್ಥಿತಿ. ಅಕಸ್ಮಾತ್ ಮಿನಿಮಮ್ಮೂ ಕಷ್ಟ ಆಗೋ ಕಾಲ ಬಂದ್ರೆ ಒಂದು ಕಂತು ತಪ್ಪೋ ಮುಂಚೆಯೇ ಬ್ಯಾಂಕಿಗೆ ಫೋನ್ ಮಾಡಿ, ಬಾಕೀನ ಕಮ್ಮಿ ಬಡ್ಡಿಯ ಕಂತಾಗಿ ಮಾಡ್ಕೊಡಿ ಅಂತ ಕೇಳಿ. ತಪ್ಪಿದ್ಮೇಲೆ ಕೇಳೋದಕ್ಕೂ ಮೊದಲೇ ಕೇಳೋದಕ್ಕೂ ಅವರು ಕೊಡೋ ಉತ್ತರದಲ್ಲಿ ವ್ಯತ್ಯಾಸ ಇರುತ್ತೆ.

ಇಷ್ಟು ಸಾಲದ ಮಾತಾಯ್ತು. ಖರ್ಚು ಯಾಕೆ ಜಾಸ್ತಿ ಆಗುತ್ತೆ ಅನ್ನೋದಕ್ಕೆ ಬರ್ತೀನಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡ್ರೇಜನ್ ಪ್ರೆಲೆಕ್, ಡಂಕನ್ ಸಿಮೆಸ್ಟರ್ ಅನ್ನೋರು 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ, ಎಂಬಿಎ ವಿದ್ಯಾರ್ಥಿಗಳಿಗೆ ಬ್ಯಾಸ್ಕೆಟ್‌ಬಾಲ್ ಟಿಕೆಟ್ ಹರಾಜು ಹಾಕಿದ್ರು, ಅರ್ಧ ಜನಕ್ಕೆ ಕ್ಯಾಶ್ ಕೊಡ್ಬೇಕು ಅಂದ್ರು, ಉಳಿದವರಿಗೆ ಕ್ರೆಡಿಟ್ ಕಾರ್ಡ್ ಅಂದ್ರು. ಕಾರ್ಡಿನವರು ಕೂಗಿದ ಬೆಲೆ ಸರಾಸರಿ ಕ್ಯಾಶಿನವರ ಎರಡರಷ್ಟಕ್ಕೂ ಸ್ವಲ್ಪ ಮೇಲೆ! ಲೆಕ್ಕ ಗೊತ್ತಿರೋ ಹುಡುಗರೇ ಅವರು. ಕೈಯಿಂದ ನೋಟು ಹೋಗುವಾಗ ಆಗೋ ಚುರುಕ್ ಅನ್ನೋ ನೋವು ಕಾರ್ಡಲ್ಲಿ ಆಗಲ್ಲ, ಸುಖ ಇವತ್ತು, ನೋವು ಮುಂದಿನ ತಿಂಗಳು, ಅದೂ ಹತ್ತಾರು ಖರ್ಚಿನ ಜೊತೆ ಕಲಸಿ ಒಂದೇ ಮೊತ್ತವಾಗಿ ಬರುತ್ತೆ, ಯಾವುದಕ್ಕೆ ಎಷ್ಟು ಅಂತ ಗೊತ್ತೂ ಆಗಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡವರು ಹೇಳೋದು ಸರೀನೇ, ಆದ್ರೆ ಕಾರ್ಡ್ ಕೈಲಿದ್ದಾಗ ಹಾಸಿಗೆ ಎಷ್ಟಿದೆ ಅಂತಾನೇ ಕಾಣಲ್ಲ, ಬ್ಯಾಂಕು ಕೊಟ್ಟ ಲಿಮಿಟ್ಟನ್ನೇ ಹಾಸಿಗೆ ಅಂದ್ಕೊಳ್ತೀವಿ. ಲಿಮಿಟ್ ಅನ್ನೋದು ಬ್ಯಾಂಕು ನಿಮಗೆ ಎಷ್ಟು ಸಾಲ ಕೊಡೋಕೆ ರೆಡಿ ಇದೆ ಅನ್ನೋ ಸಂಖ್ಯೆ, ನಿಮ್ಮ ಶಕ್ತಿ ಎಷ್ಟು ಅನ್ನೋದಲ್ಲ.

ಹಾಗಾಗಿ ಕಾರ್ಡಿನ ಜೊತೆ ಆರೋಗ್ಯವಾಗಿ ಇರೋದು ಅಂದ್ರೆ ನನ್ನ ಪ್ರಕಾರ ಆ ನೋವನ್ನ ಖರ್ಚಿನ ದಿನಕ್ಕೇ ವಾಪಸ್ ತರೋದು. ಕೊಂಡ ದಿನವೇ ಅಷ್ಟು ದುಡ್ಡನ್ನ ಸಂಬಳದ ಖಾತೆಯಿಂದ ಬೇರೊಂದು ಖಾತೆಗೆ ಹಾಕಿ ಇಡೋದು, ಅಥವಾ ಆವತ್ತೇ ಆ್ಯಪಲ್ಲಿ ಕಾರ್ಡಿಗೆ ಕಟ್ಟಿಬಿಡೋದು. ಬಿಲ್ ಬರೋ ತನಕ ಕಾಯ್ಬೇಕು ಅಂತ ಏನಿಲ್ಲ, ಯಾವಾಗ ಬೇಕಾದ್ರೂ ಕಟ್ಟಬಹುದು. ಕಟ್ಟೋಕೆ ಹೋದಾಗ ಖಾತೇಲಿ ದುಡ್ಡಿಲ್ಲ ಅಂದ್ರೆ ಆ ವಸ್ತು ಸಾಲದ ವಸ್ತು ಅಂತ ಅಲ್ಲೇ ಗೊತ್ತಾಗುತ್ತೆ. ಪ್ರತಿ ಖರ್ಚಿಗೂ ಮೆಸೇಜ್ ಬರೋ ಹಾಗೆ ಇಟ್ಕೊಳಿ. ಶಾಪಿಂಗ್ ಆ್ಯಪ್‌ಗಳಲ್ಲಿ ಸೇವ್ ಆಗಿರೋ ಕಾರ್ಡ್ ನಂಬರ್ ಎಲ್ಲಾ ಕಡೆ ಇವತ್ತೇ ತೆಗೆದುಹಾಕಿ, ಎದ್ದು ಹೋಗಿ ಪರ್ಸ್ ತಂದು ಹದಿನಾರು ಅಂಕಿ ಟೈಪ್ ಮಾಡೋವಷ್ಟು ಹೊತ್ತಲ್ಲಿ ಬೇಡ ಬಿಡು ಅನ್ನಿಸೋ ಖರ್ಚು ಎಷ್ಟೋ ಇರ್ತವೆ.

ಅದರ ಜೊತೆ ಕಳೆದ ಮೂರು ತಿಂಗಳ ಬಿಲ್ ತೆಗೆದು ಒಂದೊಂದು ಖರ್ಚಿನ ಮುಂದೆ ಅವತ್ತು ಹೇಗಿದ್ರಿ ಅಂತ ಬರೀರಿ, ಸುಸ್ತಾಗಿತ್ತಾ, ಯಾರ ಮೇಲೋ ಕೋಪ ಇತ್ತಾ, ಒಂಟಿ ಅನ್ನಿಸಿತ್ತಾ, ಬೇರೆಯವರ ಮುಂದೆ ಕಮ್ಮಿ ಅನ್ನಿಸಬಾರದು ಅಂತ ಕೊಟ್ರಾ. ಬರೀತಾ ಹೋದ್ರೆ ಒಂದು ನಮೂನೆ ಕಾಣುತ್ತೆ. ರಾತ್ರಿ ಹತ್ತರ ಮೇಲೆ ಮಾಡಿದ್ದೇ ಜಾಸ್ತಿ ಅಂತ ಕಂಡ್ರೆ ರಾತ್ರಿ ಹೊತ್ತು ಆ ಆ್ಯಪ್ ಇರಬಾರ್ದು, ಕಷ್ಟದ ದಿನದ ಖರ್ಚೇ ಜಾಸ್ತಿ ಅಂದ್ರೆ ಆ ಕಷ್ಟಕ್ಕೆ ಬೇರೆ ದಾರಿ ಹುಡುಕ್ಬೇಕು. ಎಷ್ಟು ಖರ್ಚಾಯ್ತು ಅನ್ನೋದಕ್ಕಿಂತ ಯಾವಾಗ ಆಗುತ್ತೆ ಅಂತ ಗೊತ್ತಾದ್ರೆ ತಡೆಯೋಕೆ ಸುಲಭ. ಸಂತೋಷಕ್ಕೆ ಅಂತ ಖರ್ಚು ಮಾಡೋದೇ ಬೇಡ ಅಂತ ನಾನು ಹೇಳಲ್ಲ, ತಿಂಗಳಿಗೆ ಒಂದು ಮೊತ್ತ ನಿಮಗೇ ಅಂತ ಇಟ್ಕೊಳಿ, ಅದನ್ನ ಯಾರಿಗೂ ಲೆಕ್ಕ ಕೊಡದೆ ಖರ್ಚು ಮಾಡಿ, ಬರೀ ಬಿಗಿ ಹಿಡಿದ್ರೆ ಒಂದು ದಿನ ಎಲ್ಲ ಒಟ್ಟಿಗೆ ಕಿತ್ಕೊಂಡು ಹೋಗುತ್ತೆ.

ಪಾಯಿಂಟ್ಸ್ ವಿಷಯಕ್ಕೆ ಎರಡೇ ಮಾತು. ಪಾಯಿಂಟ್ಸಿಂದ ಸಿಗೋದು ಸಾಮಾನ್ಯವಾಗಿ ನೂರಕ್ಕೆ ಒಂದೋ ಎರಡೋ, ಬಾಕಿ ಮೇಲೆ ಹೋಗೋದು ತಿಂಗಳಿಗೇ ನೂರಕ್ಕೆ ಮೂರು. ಬಾಕಿ ಇರೋರಿಗೆ ಪಾಯಿಂಟ್ಸ್ ಅನ್ನೋದು ಲೆಕ್ಕಕ್ಕೇ ಇಲ್ಲ.

ಸ್ಕೋರ್, ಅಂದ್ರೆ ನೀವು ಸಾಲ ಸರಿಯಾಗಿ ತೀರಿಸೋರಾ ಅಂತ ಬ್ಯಾಂಕುಗಳು ನೋಡೋ ಅಂಕ, ಅದರ ಬಗ್ಗೆ ನಿಮ್ಮ ಆಫೀಸಿನವರು ಅರ್ಧ ಸರಿ. ಕಾರ್ಡ್ ಇದ್ದು ಸಮಯಕ್ಕೆ ಕಟ್ಟಿದ್ರೆ ಸ್ಕೋರಿಗೆ ಒಳ್ಳೇದು, ಆದ್ರೆ ಬಾಕಿ ಉಳಿಸ್ಕೊಂಡು ಬಡ್ಡಿ ಕಟ್ಟಿದ್ರೆ ಸ್ಕೋರ್ ಏರುತ್ತೆ ಅನ್ನೋದು ಸುಳ್ಳು. ಅಮೆರಿಕದ ಫೈಕೋ ಸ್ಕೋರ್ ತಗೊಳಿ, ಸಮಯಕ್ಕೆ ಕಟ್ಟಿದ್ರಾ ಅನ್ನೋದಕ್ಕೆ 35 ಪರ್ಸೆಂಟ್ ತೂಕ, ಎಷ್ಟು ಸಾಲ ಇಟ್ಕೊಂಡಿದೀರಿ ಅನ್ನೋದಕ್ಕೆ 30. ಬೇರೆ ಕಡೆ ಸೂತ್ರ ಬೇರೆ ಇದ್ರೂ ನೋಡೋ ವಿಷಯ ಹೆಚ್ಚುಕಮ್ಮಿ ಇವೇ. ಲಿಮಿಟ್ಟಿನ ಮೂರನೇ ಒಂದು ಭಾಗದೊಳಗೆ ಬಳಕೆ ಇರ್ಲಿ ಅಂತ ಹೇಳೋದು ಇದಕ್ಕೇ. ಎರಡೂ ಕಾರ್ಡ್ ಒಂದೇ ಸಲ ಕ್ಲೋಸ್ ಮಾಡಿಸಿದ್ರೆ ನಿಮ್ಮ ಒಟ್ಟು ಲಿಮಿಟ್ ಇಳಿದು ಸ್ಕೋರ್ ಸ್ವಲ್ಪ ದಿನ ಬೀಳಬಹುದು, ಮನೆ ಸಾಲಕ್ಕೋ ಮತ್ಯಾವುದಕ್ಕೋ ಅರ್ಜಿ ಹಾಕೋ ಯೋಚನೆ ಇದ್ರೆ ಅಷ್ಟು ಗಮನದಲ್ಲಿರ್ಲಿ. ಆ ಯೋಚನೆ ಇಲ್ಲ ಅಂದ್ರೆ ಸ್ಕೋರಿಗೋಸ್ಕರ ನೆಮ್ಮದಿ ಕೆಡಿಸೋ ಕಾರ್ಡ್ ಇಟ್ಕೊಳೋ ಅಗತ್ಯ ಇಲ್ಲ.

ಕತ್ತರಿ ಹಾಕ್ಬೇಕಾ ಅಂದ್ರೆ, ಪ್ಲಾಸ್ಟಿಕ್ ಕತ್ತರಿಸೋದ್ರಿಂದ ಏನೂ ಆಗಲ್ಲ, ನಂಬರ್ ಫೋನಲ್ಲಿ ಇರುತ್ತಲ್ಲ, ಬಾಕಿಯೂ ಹಾಗೇ ಇರುತ್ತೆ. ಖರ್ಚೆಲ್ಲ ಕಾರ್ಡಿಂದ ಇಳಿದ ಮೇಲೆ ಆ್ಯಪಲ್ಲಿ ಎರಡೂ ಕಾರ್ಡ್ ಲಾಕ್ ಮಾಡಿ. ಮೊದಲು ತೀರೋ ಕಾರ್ಡನ್ನ ತೀರಿದ ಮೇಲೆ ಕ್ಲೋಸ್ ಮಾಡಿಸಿ, ಬಾಕಿ ಸೊನ್ನೆ ಅಂತ ಬರಹದಲ್ಲಿ ಇಸ್ಕೊಳಿ. ಇನ್ನೊಂದನ್ನ ಇಟ್ಕೊಳೋದು ಬಿಡೋದು ಆಗ ನೋಡೋಣ.

ಗಂಡನಿಗೆ ಹೇಳೋ ವಿಷಯ. ಹೇಳ್ಬೇಕು, ಬೇಗ ಹೇಳ್ಬೇಕು. ನೈತಿಕವಾಗಿ ಸರಿ ತಪ್ಪು ಅನ್ನೋದು ನಿಮ್ಮಿಬ್ಬರಿಗೆ ಬಿಟ್ಟಿದ್ದು, ನಾನು ದುಡ್ಡಿನ ಕಡೆಯಿಂದ ಹೇಳ್ತಿದೀನಿ, ಮುಚ್ಚಿಟ್ಟ ಸಾಲಕ್ಕೆ ಮನೆಯ ಬಜೆಟ್ಟಲ್ಲಿ ಜಾಗ ಇರಲ್ಲ, ಕದ್ದು ಮುಚ್ಚಿ ಮಿನಿಮಮ್ ಮಾತ್ರ ಹೊಂದಿಸೋಕೆ ಆಗೋದು, ಇಬ್ಬರ ಸಂಬಳ ಇದ್ರೂ ಒಬ್ಬರೇ ಎಳೀಬೇಕು. ಬಿಲ್ ತೆಗೆಯೋಕೆ ಭಯ ಅಂದ್ರಲ್ಲ, ಆ ಭಯದ ದೊಡ್ಡ ಪಾಲು ಇದರದ್ದೇ ಅಂತ ನನಗನ್ಸುತ್ತೆ. ಬರಿಗೈಲಿ ಹೋಗಿ ಅಳ್ತಾ ಹೇಳ್ಬೇಡಿ. ಒಂದು ಹಾಳೇಲಿ ಎರಡೂ ಕಾರ್ಡಿನ ಇವತ್ತಿನ ಬಾಕಿ, ಬಡ್ಡಿ ರೇಟು, ಈಗ ಕಟ್ತಿರೋದು, ಇನ್ಮೇಲೆ ಕಟ್ಟೋ ಫಿಕ್ಸ್ ಮೊತ್ತ, ಮುಗಿಯೋ ತಿಂಗಳು ಇಷ್ಟು ಬರ್ಕೊಂಡು, ಇಬ್ರೂ ಪುರುಸೊತ್ತಾಗಿರೋ ಒಂದು ಬೆಳಗ್ಗೆ ಕೂತು ಹೇಳಿ. ಮೊತ್ತ ಪೂರ್ತಿ ಹೇಳಿ, ಅರ್ಧ ಹೇಳಿ ಅರ್ಧ ಉಳಿಸ್ಕೊಂಡ್ರೆ ಆ ಉಳಿದ ಅರ್ಧ ಮುಂದೆ ಹೊರಗೆ ಬಂದ ದಿನ ಇವತ್ತಿಗಿಂತ ಕಷ್ಟ ಆಗುತ್ತೆ. ಅವರು ಕೋಪ ಮಾಡ್ಕೋಬಹುದು, ಮಾಡ್ಕೊಳ್ಲಿ, ಹಾಳೇಲಿರೋ ಮುಗಿಯೋ ತಿಂಗಳು ಮಾತ್ರ ಬದಲಾಗಲ್ಲ, ಅವರೂ ಸ್ವಲ್ಪ ಸೇರಿಸಿದ್ರೆ ಇನ್ನೂ ಹತ್ರಾನೇ ಬರುತ್ತೆ.

ಎಲ್ಲ ತೀರಿದ ಮೇಲೆ ಕಾರ್ಡ್ ಮತ್ತೆ ಬಳಸಬಹುದಾ ಅಂದ್ರೆ, ಬಳಸಬಹುದು. ಮೊದಲು ಒಂದೇ ಒಂದು ಬಿಲ್ಲಿಗೆ ಹಾಕಿ, ಕರೆಂಟ್ ಬಿಲ್ಲೋ ಫೋನ್ ಬಿಲ್ಲೋ, ಕಾರ್ಡ್ ಇಲ್ಲದಿದ್ರೂ ಕಟ್ಟಲೇಬೇಕಾದ್ದು. ಪೂರ್ತಿ ಬಾಕಿ ಕಟ್ಟೋ ಆಟೋ ಪೇಮೆಂಟ್ ಹಾಕಿ, ಮಿನಿಮಮ್ ಅಂತ ಆಯ್ಕೆ ಆಗಿದೆಯಾ ಅಂತ ಒಂದ್ಸಲ ಕಣ್ಣಾರೆ ನೋಡಿ. ಲಿಮಿಟ್ ಇಳಿಸಿ ಅಂತ ಬ್ಯಾಂಕಿಗೆ ನೀವೇ ಕೇಳಬಹುದು, ಒಂದು ತಿಂಗಳ ಸಂಬಳದ ಅರ್ಧದಷ್ಟಿದ್ರೆ ಸಾಕು. ಏರಿಸ್ತೀವಿ ಅಂತ ಮೆಸೇಜ್ ಬಂದ್ರೆ ಬೇಡ ಅನ್ನಿ. ಆರು ತಿಂಗಳು ಹೀಗೆ ನಡೆದ್ಮೇಲೆ ಇನ್ನೊಂದು ಖರ್ಚು ಸೇರಿಸಿ, ಯಾವುದಾದ್ರೂ ಒಂದು ತಿಂಗಳು ಪೂರ್ತಿ ಕಟ್ಟೋಕೆ ಆಗ್ಲಿಲ್ಲ ಅಂದ್ರೆ ಮತ್ತೆ ಲಾಕ್ ಮಾಡಿ ಆ ಬಾಕಿ ಸೊನ್ನೆ ಆಗೋ ತನಕ ತೆಗೀಬೇಡಿ.